ಗಂಡನ ನಾಲಿಗೆಯ ವಾರ

ಗಂಡ ಮಲ್ಲೇಶಪ್ಪ ತೀರಿಕೊಂಡಾಗ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಎಲ್ಲರಿಗೂ ಸಿಗುವಂತೆ ಶಿವಲೀಲಾಗೂ ಅವನ ನಾಲಿಗೆಯ ರುಚಿ ಒಂದು ವಾರದ ಮಟ್ಟಿಗೆ ಸಿಕ್ಕಿತು. ದಿನವೂ ಹುಬ್ಬಳ್ಳಿ ಸುತ್ತಿ ಅವನ ಮೆಚ್ಚಿನ ತಿಂಡಿಗಳನ್ನೇ ತಿಂದಳು. ತನಗೆಂದೂ ಹಿಡಿಸದ ಮಿರ್ಚಿ ಭಜಿಗೂ ಈಗ ಬಾಯಲ್ಲಿ ನೀರೂರುತ್ತಿತ್ತು.

ಆರನೆಯ ಸಂಜೆ ಗಿರಮಿಟ್ ಅಂಗಡಿಯ ಬಸಣ್ಣ ಕೇಳಿದ, “ಯಜಮಾನ್ರ ನಾಲಿಗಿ ಏನ್ರೀ ಅಕ್ಕಾರ?”

“ಹೌದ್ರಿ, ನಾಳೆ ಮುಗೀತೈತಿ.”

“ಹಂಗಾರ ಉಳ್ಳಾಗಡ್ಡಿ ಜಾಸ್ತಿ ಹಾಕ್ತೀನಿ. ಅವರಿಗೆ ಹಂಗ ಬೇಕಿತ್ತು.”

ಏಳನೆಯ ದಿನ ಅವಳು ಹೊರಗೆ ಹೋಗಲಿಲ್ಲ. ಮನೆಯಲ್ಲೇ ಎಂದಿನಂತೆ ಉಪ್ಪಿಟ್ಟು ಮಾಡಿ ಒಂದು ತುತ್ತು ಬಾಯಿಗಿಟ್ಟಳು. ಅವನ ನಾಲಿಗೆಗೆ ಅದು ತೀರಾ ಸಪ್ಪೆಯಾಗಿತ್ತು.

ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ಹಾಗೆಂದಿರಲಿಲ್ಲ. ತಟ್ಟೆ ಮುಂದೆ ಹಿಡಿದು, “ಇನ್ನೊಂದೀಟು ನೀಡು” ಎನ್ನುತ್ತಿದ್ದ.

ಶಿವಲೀಲಾ ಕಣ್ಣೊರೆಸಿಕೊಂಡು, ತಟ್ಟೆಗೆ ಇನ್ನೊಂದಿಷ್ಟು ಬಡಿಸಿಕೊಂಡಳು.