ಮೀಟರ್ ಪರೀಕ್ಷೆ

"ಮೀಟರ್ ಕೆಟ್ಟಿದೆ ಅಂದ್ರೆ ಕೆಟ್ಟಿದೆ, ಅಷ್ಟೇ! ಎರಡು ಕೋಣೆ ಮನೆಗೆ ಇಷ್ಟು ಬಿಲ್ ಬರುತ್ತಾ? ನಾವೇನು ಇಲ್ಲಿ ಫ್ಯಾಕ್ಟರಿ ನಡೆಸ್ತಿದ್ದೀವಾ?"

ಅವಳು ಫೋನಿನಲ್ಲಿ ಗಂಟಲು ಹರಿದುಕೊಂಡಳು. ವಿದ್ಯುತ್ ಕಚೇರಿಯ ಹುಡುಗಿಗೆ ಅಷ್ಟು ಜೋರಾಗಿ ಹೇಳುವ ಅಗತ್ಯವೇನೂ ಇರಲಿಲ್ಲ. ಆ ಕಿರುಚಾಟವೆಲ್ಲ ಕರೆಂಟ್ ಬಿಲ್ಲು ಹಿಡಿದು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಗಂಡನ ಕಿವಿಗೆ. ಮೂರು ತಿಂಗಳಿಂದ ಅವನ ಮೂಗಿಗೊಂದು ನಳಿಕೆ, ನಳಿಕೆಯ ಆ ತುದಿಗೆ ಹಗಲೂ ರಾತ್ರಿ ಗುರ್‌ಗುಡುವ ಆಕ್ಸಿಜನ್ ಮಷಿನ್. ಬಿಲ್ಲು ಏರಿಸಿದ್ದು ಅದೇ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತು. ಅವನಿಗೆ ಗೊತ್ತಾಗಬಾರದು, ಅಷ್ಟೇ. ಹಿಂದೆ ಆಕ್ಸಿಜನ್ ಸಿಲಿಂಡರಿನ ಬೆಲೆ ಕಿವಿಗೆ ಬಿದ್ದ ದಿನವೇ "ನನ್ನ ಉಸಿರಿಗೆ ಇಷ್ಟು ದುಡ್ಡು ಸುರಿಯೋದಾ?" ಎಂದು ನಳಿಕೆ ಕಿತ್ತೆಸೆದಿದ್ದ ಆಸಾಮಿ ಅವನು. ಆಮೇಲೆ ಈ ಮಷಿನ್ ತಂದು, "ಇದು ಜೀರೋ ಬಲ್ಬಿನಷ್ಟು ಕರೆಂಟೂ ತಿನ್ನಲ್ಲ ರೀ, ಡಾಕ್ಟರೇ ಹೇಳಿದ್ದು" ಎಂದು ಆಣೆ ಮಾಡಿ ಒಪ್ಪಿಸಿದ್ದಳು.

"ಸರಿ ಅಮ್ಮಾ, ದೂರು ಬರ್ಕೊಂಡಿದ್ದೀನಿ. ಗುರುವಾರ ಮನೆಗೇ ಬಂದು ಮೀಟರ್ ಟೆಸ್ಟ್ ಮಾಡ್ತಾರೆ," ಎಂದಳು ಹುಡುಗಿ.

ಅವಳು ಇದನ್ನು ಎಣಿಸಿರಲಿಲ್ಲ. ನಾಲ್ಕು ಮಾತು ಆಡಿ ಫೋನ್ ಇಟ್ಟರೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಈ ಕಾಲದಲ್ಲಿ ದೂರು ಕೊಟ್ಟರೆ ನಿಜವಾಗಿಯೂ ಬರುತ್ತಾರೆ ಎಂದು ಯಾರು ತಾನೇ ನಂಬುತ್ತಾರೆ?

ಗುರುವಾರ ಬಂದವನು ಬಲು ಶಿಸ್ತಿನ ಮನುಷ್ಯ. ಬಾಗಿಲ ಪಕ್ಕದ ಗೋಡೆಯ ಮೀಟರಿನ ಮುಂದೆ ನಿಂತು, "ಒಂದೊಂದಾಗಿ ಎಲ್ಲಾ ಆಫ್ ಮಾಡ್ತಾ ಬನ್ನಿ" ಎಂದ. ಫ್ಯಾನ್ ನಿಂತಿತು. ಫ್ರಿಜ್ ನಿಂತಿತು. ಲೈಟು ಆರಿತು. ಮೀಟರಿನ ಕೆಂಪು ದೀಪ ಮಾತ್ರ ಪಟಪಟ ಮಿನುಗುತ್ತಲೇ ಇತ್ತು. "ಇನ್ನೂ ಏನೋ ಓಡ್ತಿದೆಯಲ್ಲ! ದೊಡ್ಡದೇ ಓಡ್ತಿದೆ," ಎನ್ನುತ್ತ ಅವನು ಮಂಚದ ಕಡೆ ತಿರುಗಿದ. ಅವಳು ಅಡ್ಡ ಬಂದು ನಿಂತಳು.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಪಿಸುಗುಟ್ಟಿದಳು. "ಮೀಟರ್ ಕೆಟ್ಟಿದೆ ಅಂದ್ಬಿಡಿ."

ಅವನು ಮಷಿನ್ ನೋಡಿದ, ಮಂಚದ ಮೇಲಿದ್ದವನನ್ನು ನೋಡಿದ, ಅವಳ ಮುಖ ನೋಡಿದ. ಗಂಟಲು ಸರಿ ಮಾಡಿಕೊಂಡು, "ಮೀಟರೇ ಸ್ವಲ್ಪ ಸ್ಪೀಡಾಗಿ ಓಡ್ತಿದೆ ಸಾರ್. ಸರಿ ಮಾಡಿಸ್ತೀವಿ," ಎಂದು ಗಟ್ಟಿಯಾಗಿ ಹೇಳಿದ. ಚೀಟಿಯಲ್ಲಿ 'ಮೀಟರ್ ಸರಿಯಿದೆ' ಎಂದು ಬರೆದು, ಮಡಚಿ ಅವಳ ಕೈಗಿಟ್ಟ. ಪಾಪ, ಅವನು ಇನ್ನೇನು ಮಾಡಿಯಾನು!

"ಒಳ್ಳೇದಾಯ್ತು ಬಿಡಪ್ಪಾ," ಎಂದ ಗಂಡ. ಅವನ ಕಣ್ಣು ಮಾತ್ರ ಕೆಂಪು ದೀಪದ ಮೇಲೇ ಇತ್ತು. ಮೂವತ್ತೈದು ವರ್ಷ ವಾಚ್ ರಿಪೇರಿ ಮಾಡಿದವನು ಅವನು. ಒಂದೊಂದೇ ಚಕ್ರ ತೆಗೆಯುತ್ತ ಹೋಗಿ, ಯಾವುದನ್ನು ತೆಗೆದರೆ ಏನು ನಿಲ್ಲುತ್ತದೆ ಎಂದು ನೋಡುವುದೇ ಅವನ ವಿದ್ಯೆ. ಆ ಹೊತ್ತಿನಲ್ಲಿ ಅವಳಿಗೆ ಅದು ನೆನಪಾಗಲಿಲ್ಲ.

ಆಮೇಲಿನ ಒಂದು ತಿಂಗಳು ಅವಳ ಪಾಲಿಗೆ ಸುಖದ ತಿಂಗಳೆಂದೇ ಹೇಳಬೇಕು. ಅವನು ಬಿಲ್ಲಿನ ಮಾತೇ ಎತ್ತಲಿಲ್ಲ. ಅವಳು ಲಾಂಡ್ರಿ ಕೆಲಸಕ್ಕೆ ಹೊರಡುವಾಗ ಮಾತ್ರ ದಿನವೂ ತಪ್ಪದೆ, "ಎಷ್ಟೊತ್ತಿಗೆ ಬರ್ತೀಯ?" ಎಂದು ಕೇಳುತ್ತಿದ್ದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ದಿನವೂ ಕೇಳಿದವನಲ್ಲ! "ನಾಲ್ಕೂಕಾಲಿಗೆಲ್ಲ ಬಂದ್ಬಿಡ್ತೀನಿ ರೀ," ಎನ್ನುವಾಗ ಅವಳಿಗೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತಿತ್ತು. ಬಂದಾಗ ಮಷಿನ್ ಗುರ್‌ಗುಡುತ್ತಿರುತ್ತಿತ್ತು, ಅವನು ವಾಚು ನೋಡಿಕೊಂಡು ಕೂತಿರುತ್ತಿದ್ದ. ಸುಸ್ತು ಹೆಚ್ಚಾದಂತೆ ಕಂಡರೂ, ಕಾಯಿಲೆಯಲ್ಲವೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಹೊಸ ಬಿಲ್ಲು ಬಂತು. ಮಷಿನ್ ಬಂದ ಮೇಲೆ ಏರಿದ್ದ ಮೊತ್ತದಲ್ಲಿ ಮೂರರಲ್ಲೊಂದು ಪಾಲು ಕಡಿಮೆ.

"ನೋಡಿದ್ಯಾ... ಸರಿ ಮಾಡಿದ್ದಾರೆ," ಎಂದು ಅವನು ನಕ್ಕ. ಮಾತಿನ ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದ. "ನಿನ್ನ ಬಾಯಿಗೆ ಹೆದರಿ... ಮೀಟರೂ... ದಾರಿಗೆ ಬಂತು ಕಣೇ."

ಬಿಲ್ಲು ಹಿಡಿದಿದ್ದ ಅವನ ಉಗುರುಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವಳು ಬಿಲ್ಲು ಕಿತ್ತುಕೊಂಡು ಮತ್ತೊಮ್ಮೆ ನೋಡಿದಳು. ಆ ಗುರುವಾರದ ನಂತರ ಮೀಟರನ್ನು ಯಾರೂ ಮುಟ್ಟಿರಲಿಲ್ಲ. ಮೂರರಲ್ಲೊಂದು ಪಾಲು ಎಂದರೆ ದಿನಕ್ಕೆ ಎಂಟು ಗಂಟೆ. ಅವಳು ಮನೆಯಲ್ಲಿಲ್ಲದಿರುವುದೂ ದಿನಕ್ಕೆ ಎಂಟೇ ಗಂಟೆ.

ಹಿತ್ತಿಲಿಗೆ ಓಡಿ ಅದೇ ನಂಬರಿಗೆ ಫೋನ್ ಹಚ್ಚಿದಳು. ಈ ಸಲ ಕೂಗಲಿಲ್ಲ, ಪಿಸುಗುಟ್ಟಿದಳು.

"ಮತ್ತೆ ಬಿಲ್ ಜಾಸ್ತಿ ಬಂತಾ ಅಮ್ಮಾ?" ಎಂದಳು ಹುಡುಗಿ.

"ಇಲ್ಲ ತಾಯೀ. ಕಡಿಮೆ ಬಂದಿದೆ."

"ಅಯ್ಯೋ, ಕಡಿಮೆ ಬಂದ್ರೆ ಖುಷಿ ಪಡಿ!"

"ಮೀಟರ್ ಕೆಟ್ಟಿರಬೇಕು ಕಣಮ್ಮ. ನಿಧಾನವಾಗಿ ಓಡ್ತಿರಬೇಕು. ಒಂದು ಸಲ ನೋಡಿ ಹೇಳು. ಕೆಟ್ಟಿದೆ ಅಂತ ಹೇಳಿಬಿಡು, ನಿನ್ನ ದಮ್ಮಯ್ಯ. ಎಷ್ಟು ಬೇಕಾದ್ರೂ ದಂಡ ಕಟ್ತೀನಿ."

ಆ ಕಡೆ ಕಂಪ್ಯೂಟರಿನ ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು.

"ಹೋದ ತಿಂಗಳೇ ಟೆಸ್ಟ್ ಆಗಿದೆಯಲ್ಲಮ್ಮಾ. ರಿಪೋರ್ಟ್ ನನ್ನ ಕಣ್ಣ ಮುಂದೇ ಇದೆ, ಒಂದು ಚೂರೂ ತಪ್ಪಿಲ್ಲ. ನಿಮ್ಮ ಮೀಟರ್ ಸರಿಯಾಗಿದೆ, ನೆಮ್ಮದಿಯಾಗಿರಿ."