ಎಪ್ಪತ್ತೊಂದರ ಕ್ಯಾಬರೆ

ವೇದಿಕೆಯ ಮೇಲೆ ಮಹೇಶ್ವರಿ ಎಡಗಾಲನ್ನು ಸೊಂಟದ ಮಟ್ಟಕ್ಕೆ ಎತ್ತಿದ್ದೇ ತಡ, ಗಂಗಾವತಿಯ ಕಲ್ಯಾಣ ಮಂಟಪದ ಮೊದಲ ಸಾಲಿನಿಂದ ನವಲಿಯ ಸಣ್ಣವ್ವ ಎದ್ದಳು. ಮೆಟ್ಟಿಲು ಹತ್ತಿ ಬಂದು, ತನ್ನ ಶಾಲನ್ನು ಕಿವಿ ಮುಚ್ಚುವಂತೆ ಆಕೆಗೆ ಹೊದಿಸಿದಳು.

"ಥಂಡಿ ಗಾಳಿ ಐತಿ, ಯವ್ವಾ. ಮೊದಲ ನಿನ್ನ ಎದಿ ಛಲೋ ಇಲ್ಲ."

ಚಮಕಿ ಹೊಲಿದ ಕೆಂಪು ಗೌನು, ತಲೆಗೆ ಸಿಕ್ಕಿಸಿದ ನವಿಲುಗರಿ ಎರಡೂ ಶಾಲಿನೊಳಗೆ ಮಾಯವಾದವು. ಮಹೇಶ್ವರಿಯ ಎದೆ ಗಟ್ಟಿಯಾಗಿಯೇ ಇತ್ತು. ಕೆಟ್ಟದ್ದು ಸಿನಿಮಾಗಳಲ್ಲಿ ಮಾತ್ರ. ಅರವತ್ತೆರಡು ಚಿತ್ರಗಳಲ್ಲಿ ನಾಯಕನ ತಾಯಿಯಾಗಿ, ಅರವತ್ತೆರಡರಲ್ಲೂ ಇಂಟರ್‌ವಲ್ಲಿಗೆ ಮುಂಚೆ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಎಪ್ಪತ್ತೊಂದು ತುಂಬುವ ಹೊತ್ತಿಗೆ ಸಾಕೆನಿಸಿತ್ತು. ಒಂದು ತಾಸು ಒಬ್ಬಳೇ ಹಾಡಿ, ಕುಣಿದು, ಜನರನ್ನು ನಗಿಸಿ, ಜೀವಂತವಾಗಿ ವೇದಿಕೆ ಇಳಿಯಬೇಕು. ಈ ಕ್ಯಾಬರೆಯ ಹಿಂದಿದ್ದ ಆಸೆ ಅಷ್ಟೇ.

ಶಾಲನ್ನು ಭುಜಕ್ಕೆ ಜಾರಿಸಿ ಜೋಕು ಶುರುಮಾಡಿದಳು. ಮೊದಲ ಪ್ರೇಮ, ಲಾರಿಯಲ್ಲಿ ಓಡಿಹೋದದ್ದು, ದಾರಿಯಲ್ಲಿ ಲಾರಿ ಕೆಟ್ಟು ನಿಂತದ್ದು, ಹುಡುಕಿಕೊಂಡು ಬಂದ ಅಪ್ಪನೇ ಅದನ್ನು ತಳ್ಳಿಕೊಟ್ಟದ್ದು. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಬಂತು.

"ಒಳಗ ಎಷ್ಟ್ ಸಂಕಟ ಇಟ್ಕೊಂಡು ನಗಸಾಕತ್ಯಾಳ ನೋಡ್ರಿ," ಎಂದು ಸಣ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಮ್ಮಾರಿಗೆ ಒಂದು ಕುರ್ಚಿ ಕೊಡ್ರಲೇ!" ಎಂದು ಅಕ್ಕಿ ಗಿರಣಿಯ ಯಮನೂರಪ್ಪ ಕೂಗಿದ. ಕುರ್ಚಿ ಬಂತು. ಅದರ ಹಿಂದೆ ಬಿಸಿನೀರು, ಬಿಸಿನೀರಿನ ಹಿಂದೆ ಯಾರದೋ ಚೀಲದಿಂದ ಅರ್ಧ ಬಾಟಲಿ ಕೆಮ್ಮಿನ ಔಷಧಿ.

ಮಹೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಕುರ್ಚಿಯನ್ನು ಆಚೆ ನೂಕಿ, ಮೈಕಿನಲ್ಲಿ ಗುಡುಗಿದಳು: "ನನಗೇನೂ ಆಗಿಲ್ಲ! ನಾನು ಆರಾಮಾಗಿದ್ದೇನೆ!"

ಸಭೆ ಹೌಹಾರಿತು. ಅರವತ್ತೆರಡು ಚಿತ್ರಗಳಲ್ಲೂ ಸಾಯುವ ಮುಂಚೆ ಆಕೆ ಆಡಿದ ಮಾತು ಅದೇ.

"ಮುಗೀತು. ಇನ್ನ ಉಳಿಯಂಗಿಲ್ಲ ಆಕಿ," ಎಂದು ಯಮನೂರಪ್ಪ ಟೋಪಿ ತೆಗೆದ. ಎಲ್ಲರೂ ಎದ್ದು ನಿಂತು, ಅವಸರಪಡಿಸದೆ ಕಾದರು. ಮುನ್ನೂರು ಜನ ಒಂದು ಕೆಮ್ಮಿಗಾಗಿ ಕಾಯುತ್ತಿದ್ದರೆ ಎಂಥ ಗಂಟಲು ತಾನೇ ಸುಮ್ಮನಿದ್ದೀತು? ಮಹೇಶ್ವರಿ ಕೆಮ್ಮಿದಳು. ಕೈ ತಾನಾಗಿ ಎದೆಗೆ ಹೋಯಿತು, ಮಂಡಿ ಕುಸಿಯಿತು. "ಮಗಾ..." ಎನ್ನುತ್ತ ನೆಲಕ್ಕೊರಗಿದಳು.

ಜನ ಮನಸಾರೆ ಅತ್ತರು. ಆಮೇಲೆ ಚಪ್ಪಾಳೆ, ಸಿಳ್ಳೆ. ಹಿಂದಿನಿಂದ ಯಾರೋ ಕೂಗಿದರು: "ವನ್ಸ್ ಮೋರ್!"

ಚಿಕ್ಕಂದಿನಲ್ಲಿ ನಾಟಕ ಕಂಪನಿಯೊಂದಿಗೆ ಈ ಸೀಮೆಯೆಲ್ಲ ತಿರುಗಿದವಳು ಆಕೆ. ಇಲ್ಲಿ ವನ್ಸ್ ಮೋರ್ ಬಿತ್ತೆಂದರೆ ಸತ್ತವರೂ ಎದ್ದು ಮತ್ತೆ ಸಾಯಬೇಕು. ಎದ್ದಳು, ಸತ್ತಳು. ಇನ್ನೊಮ್ಮೆ ಎದ್ದಳು, ಸತ್ತಳು. ಇದು ಅರವತ್ತೈದನೆಯದು ಎಂದುಕೊಂಡಾಗ ಕಣ್ಣಲ್ಲಿ ನೀರು ಬಂತು, ಅದು ನಟನೆಯದಲ್ಲ.

ಕೀಬೋರ್ಡಿನ ಮುಷರಫನಿಗೆ ಸಾವಿಗೆ ಏನು ನುಡಿಸಬೇಕೆಂದು ಯಾರೂ ಹೇಳಿರಲಿಲ್ಲ. ಅವನು ಕ್ಯಾಬರೆಯ ಹಾಡನ್ನೇ ನುಡಿಸುತ್ತಿದ್ದ. ಸತ್ತು ಮಲಗಿದ್ದ ಮಹೇಶ್ವರಿಯ ಎಡಗಾಲು ಆ ತಾಳಕ್ಕೆ ಮೆಲ್ಲಗೆ ಮೇಲೆದ್ದಿತು.

ಯಾರೂ ಕುರ್ಚಿ ತರಲಿಲ್ಲ. ಒಬ್ಬರು ಕಿಸಕ್ಕನೆ ನಕ್ಕರು. ಬಲಗಾಲೂ ಎದ್ದಾಗ ಇಡೀ ಮಂಟಪವೇ ನಕ್ಕಿತು. ಆಕೆ ಜಿಗಿದೆದ್ದು ಕುಣಿಯತೊಡಗಿದಳು. ಲಾರಿಯ ಕಥೆಯನ್ನು ಮತ್ತೆ ಹೇಳಿದಳು. ಜನ ಹೊಟ್ಟೆ ಹಿಡಿದುಕೊಂಡರು.

"ಕುಣೀಲಿ ಬಿಡ್ರಿ," ಎನ್ನುತ್ತ ಯಮನೂರಪ್ಪ ಟೋಪಿ ಹಾಕಿಕೊಂಡ. "ಇನ್ನೇನ್ ಆಗೂದೈತಿ ಆಕಿಗೆ?"

ಸಣ್ಣವ್ವ ಇನ್ನೊಮ್ಮೆ ಮೆಟ್ಟಿಲು ಹತ್ತಿದಳು. ನೆಲಕ್ಕೆ ಬಿದ್ದಿದ್ದ ಶಾಲನ್ನು ಎತ್ತಿ, ಕೊಡವಿ, ತಾನೇ ಹೊದ್ದುಕೊಂಡಳು.

"ಸತ್ತಾಕಿಗೆ ಎಂಥಾ ಥಂಡಿ?"