ಕಗ್ಗತ್ತಲಾದರೆ ಹಡಗಿಗೆ

“ಇವತ್ತು ನಿಮ್ಮ ಜೊತೆ ನಾನೂ ಒಳಗೆ ಬರ್ತೀನಿ ಮಾವ,” ಎಂದ ಅಳಿಯ.

ಮುದುಕರ ಕೈ ಕಂಟೇನರಿನ ಬಾಗಿಲ ಮೇಲೆ ಅರೆಕ್ಷಣ ನಿಂತಿತು. “ಯಾಕೆ, ನನ್ನ ಮೇಲೆ ಕಾವಲಾ?”

ಕಾವಲೇ ಸರಿ. ಆದರೆ ಹೆಣ್ಣು ಕೊಟ್ಟ ಮಾವನ ಮುಖಕ್ಕೇ ಅದನ್ನು ಹೇಳುವುದು ಹೇಗೆ?

ಖಾಲಿ ಕಂಟೇನರುಗಳನ್ನು ಸಾಗಿಸುವುದು ಅಳಿಯನ ಕೆಲಸ. ಸರಕು ಇಳಿದ ಬಂದರಿನಲ್ಲಿ ಖಾಲಿ ಪೆಟ್ಟಿಗೆಗಳು ಬೆಟ್ಟದಷ್ಟು ಬಿದ್ದಿರುತ್ತವೆ. ಸರಕು ತುಂಬಬೇಕಾದ ಬಂದರಿನಲ್ಲಿ ಅವಕ್ಕೇ ಬರ. ಇಲ್ಲಿಂದ ಅಲ್ಲಿಗೆ ಕಳಿಸುವ ಮೊದಲು ಪ್ರತಿಯೊಂದನ್ನೂ ಮಾವ ಪರೀಕ್ಷಿಸಬೇಕು. ಒಳಗೆ ಹೋಗಿ ಬಾಗಿಲು ಮುಚ್ಚಿಸಿಕೊಳ್ಳಬೇಕು. ಎಲ್ಲಾದರೂ ಬೆಳಕು ಕಂಡರೆ ತೂತಿದೆ ಎಂದರ್ಥ, ಪೆಟ್ಟಿಗೆ ರಿಪೇರಿಗೆ. ಕಗ್ಗತ್ತಲಾದರೆ ಹಡಗಿಗೆ. ಪೆಟ್ಟಿಗೆಗಳನ್ನು ಪೇರಿಸಿಡುವ ಈ ಯಾರ್ಡಿನವರೆಲ್ಲ ಅವರನ್ನು ಹದ್ದು ಎಂದೇ ಕರೆಯುತ್ತಿದ್ದರು. ಅಳಿಯನಿಗೆ ಕೆಲಸ ಕಲಿಸಿದ್ದೂ ಇದೇ ಹದ್ದು.

ಆ ಹದ್ದು ಪಾಸು ಮಾಡಿದ ಪೆಟ್ಟಿಗೆಗಳಲ್ಲಿ ಈಚೆಗೆ ನೀರು ನುಗ್ಗುತ್ತಿತ್ತು. ಅತ್ತ ತುಂಬಿದ ಹಾಲಿನ ಪುಡಿ ನೆಂದು ಕಲ್ಲಾಗಿತ್ತು. ರಿಪೇರಿಯ ಖರ್ಚು ತಪ್ಪಿಸಿಕೊಳ್ಳಲು ಯಾರ್ಡಿನ ಮಾಲೀಕ ಮುದುಕರ ಕೈ ಬಿಸಿ ಮಾಡುತ್ತಿದ್ದಾನೆ ಎಂದು ಆಫೀಸಿನಲ್ಲಿ ಗುಸುಗುಸು. ಬೇಲಿಯೇ ಎದ್ದು ಹೊಲ ಮೇಯ್ದರೆ? ಸಂಜೆಯೊಳಗೆ ಅಳಿಯ ಮೇಲಧಿಕಾರಿಗೆ ಉತ್ತರ ಕೊಡಬೇಕು. ಮಾವ ಕಳ್ಳರೆಂದರೆ ಸಂಸಾರ ಮುರಿಯುತ್ತದೆ. ಅಲ್ಲವೆಂದರೆ ತನ್ನ ನೌಕರಿ ಹೋಗುತ್ತದೆ.

ಹೆಂಡತಿಯನ್ನು ಕೇಳಿದ್ದಕ್ಕೆ, “ನಮ್ಮಪ್ಪನ ಸುದ್ದಿಗೆ ಬರ್ಬೇಡಿ,” ಎಂದು ಬಾಯಿ ಮುಚ್ಚಿಸಿದ್ದಳು. ಈಚೆಗೆ ಅವಳೇ ದಿನಾ ಸ್ಕೂಟರಿನಲ್ಲಿ ತಂದೆಯನ್ನು ಕರೆತಂದು, ಕೈ ಹಿಡಿದು ಗೇಟಿನೊಳಗೆ ಬಿಟ್ಟುಹೋಗುತ್ತಿದ್ದಳು. ಇದರಲ್ಲಿ ಅವಳಿಗೂ ಪಾಲಿದೆಯೇ? ಆ ಯೋಚನೆ ಬಂದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ನೆಂದ ಪುಡಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ. ಮಾವ ಅತ್ತ ತಿರುಗಲೂ ಇಲ್ಲ.

“ಫೋಟೋ ಇಟ್ಕೊಂಡು ನಾನೇನ್ ಮಾಡ್ಲಿ? ಒಳಗೆ ಬನ್ನಿ ಅಳಿಯಂದ್ರೇ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡ ಅಳಿಯ. ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಹಡಗು ಕಾಯುತ್ತಿತ್ತು. ಕ್ರೇನಿನವನು ಬಿಡದೆ ಹಾರನ್ ಬಾರಿಸುತ್ತಿದ್ದ. ಮಾವ ಮಾತ್ರ ಯಾವ ಅವಸರವೂ ಇಲ್ಲದೆ, ಒಳಗೋಡೆಯ ಮೇಲೆ ಬೆರಳಾಡಿಸುತ್ತ ನಡುಮಧ್ಯಕ್ಕೆ ಹೋಗಿ ನಿಂತರು.

ಬಾಗಿಲು ಧಡ್ಡೆಂದು ಮುಚ್ಚಿತು.

ಅಳಿಯ ತಲೆಯೆತ್ತಿ ನೋಡಿದ. ಮಾಡು ತುಕ್ಕು ಹಿಡಿದು ಜರಡಿಯಾಗಿತ್ತು. ಒಂದು ತೂತಂತೂ ಮುಷ್ಟಿ ತೂರುವಷ್ಟು ದೊಡ್ಡದು. ಅದರಿಂದ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಅವನಿಗೆ ಮೈಯೆಲ್ಲ ಉರಿಯಿತು. ಇದನ್ನೂ ಪಾಸು ಮಾಡುತ್ತಾರೆಯೇ? ನನ್ನ ಎದುರಿಗೇ?

“ಈಗ ಹೇಳಿ ಮಾವ. ಏನು ಕಾಣ್ತಿದೆ?”

ಮುದುಕರು ನಿಧಾನವಾಗಿ ಸುತ್ತ ತಿರುಗಿದರು, ಮುಖ ಮೇಲೆತ್ತಿದರು. ಧ್ವನಿಯಲ್ಲಿ ಅಳುಕೇ ಇರಲಿಲ್ಲ.

“ಒಂದು ಚುಕ್ಕೆ ಬೆಳಕೂ ಇಲ್ಲ. ಹಡಗಿಗೆ ಕಳ್ಸಿ.”

ಸುಳ್ಳು ಎಂದು ಕೂಗಲು ಅವನು ಬಾಯಿ ತೆರೆದ.

ಆ ದೊಡ್ಡ ತೂತಿನ ಬಿಸಿಲು ನೇರವಾಗಿ ಮಾವನ ತೆರೆದ ಕಣ್ಣುಗಳಿಗೇ ಬೀಳುತ್ತಿತ್ತು, ಅವರು ರೆಪ್ಪೆ ಕೂಡ ಮಿಟುಕಿಸಲಿಲ್ಲ.